ಎಡಗೈ ಮುಂದೆ, ಕುಡಗೋಲು ಹಿಂದೆ

ನಮ್ಮ ಕಡೆಯ ಎರೆಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಒಣಗಿತೆಂದರೆ ನೀರಿಗೆ ಜಗ್ಗುವುದಿಲ್ಲ. ಕುಡಗೋಲಿನಿಂದಲೇ ಹೆರೆಯಬೇಕು. ಅದಕ್ಕೊಂದು ರೀತಿಯಿದೆ. ಎಡಗೈ ಮುಂದೆ ಹೋಗಿ ಮೊಳೆ ಎಲ್ಲಿದೆ, ಪಟ್ಟಿ ಎಲ್ಲಿದೆ ಎಂದು ತಡವಿ ನೋಡುತ್ತದೆ. ಅದರ ಹಿಂದೆ ಬಲಗೈಯ ಕುಡಗೋಲು ಬರುತ್ತದೆ. ಬಂಡಿ ಹೋಯಿತು, ಟ್ರ್ಯಾಕ್ಟರ್ ಬಂತು, ಕಾರೂ ಬಂತು. ನಾವು ಹೆರೆಯುವ ರೀತಿ ಬದಲಾಗಲಿಲ್ಲ. ಕಾರು ಮಾಡುವವರು ನಮ್ಮಂಥವರನ್ನು ನೆನೆಸಿಕೊಂಡು ಮಾಡಿರಲಿಕ್ಕಿಲ್ಲ.

ನನ್ನ ಮನೆ ಕುರುಗೋಡಿನಲ್ಲಿ, ಗದ್ದೆ ಸಿರುಗುಪ್ಪದ ಹತ್ತಿರ. ಹೋದ ವರ್ಷ ಲಕ್ವ ಹೊಡೆದು ಮೈಯ ಎಡಭಾಗ ಬಿದ್ದುಹೋಯಿತು. ನಾಲ್ಕೈದು ತಿಂಗಳಲ್ಲಿ ಕಾಲಿಗೆ ಬಲ ಬಂತು, ಕೈಗೂ ಬಂತು. ಬೆರಳು ಮಡಚುತ್ತವೆ, ಬಿಚ್ಚುತ್ತವೆ. ಆದರೆ ಮುಟ್ಟಿದ್ದು ತಿಳಿಯುವುದಿಲ್ಲ. ಸ್ಪರ್ಶ ಬರುವ ತನಕ ಗಾಡಿ ಓಡಿಸಬೇಡಿ ಎಂದು ಬಳ್ಳಾರಿಯ ಡಾಕ್ಟರು ಹೇಳಿದರು. ಒಂದು ತಿಂಗಳು ಕಾದೆ. ಆಮೇಲೆ ಹೆಂಡತಿಗೆ, ಸ್ಪರ್ಶ ಬಂತು, ಎಂದುಬಿಟ್ಟೆ.

ಅವಳು ಹಾಗೆಲ್ಲ ನಂಬುವವಳಲ್ಲ. ನನ್ನ ಕಣ್ಣಿಗೆ ಟವೆಲ್ ಕಟ್ಟಿ, ಎಡಗೈಯ ಬೆರಳಿಗೆ ಪಿನ್ನು ಚುಚ್ಚಿ, "ಈಗ?" ಎನ್ನುತ್ತಿದ್ದಳು. ಪಿನ್ನು ಹಿಡಿದ ಅವಳ ಕೈ ಮುಂದೆ ಬಂದಾಗಲೆಲ್ಲ ಬಳೆ ಸಣ್ಣಗೆ ಸದ್ದು ಮಾಡುತ್ತಿತ್ತು. ಸದ್ದಾದ ಕೂಡಲೇ, "ಹ್ಞೂಂ, ಚುಚ್ಚಿದಿ," ಎನ್ನುತ್ತಿದ್ದೆ. ಒಂದೂ ತಪ್ಪಲಿಲ್ಲ. ಅವಳು ಕಣ್ಣೊರೆಸಿಕೊಂಡು ಕಾರಿನ ಬೀಗದ ಕೈ ಕೊಟ್ಟಳು. ಮೋಸ ಮಾಡಿದೆ ಎಂದು ನನಗೇನೂ ಅನ್ನಿಸಲಿಲ್ಲ. ಆ ದಿನಗಳಲ್ಲಿ ನನಗೆ ಯಾವುದಕ್ಕೂ ಏನೂ ಅನ್ನಿಸುತ್ತಿರಲಿಲ್ಲ. ಸ್ಟೇರಿಂಗ್ ಹಿಂದೆ ಕೂತಾಗ ಮಾತ್ರ ಮನುಷ್ಯನಂತೆ ಇರುತ್ತಿದ್ದೆ. ಗೇರು ಎಲ್ಲಿದೆ ಎಂದು ಪ್ರತಿಸಲ ಕಣ್ಣು ಹಾಯಿಸಿ ನೋಡಿಕೊಳ್ಳಬೇಕಿತ್ತು, ಅಷ್ಟೇ.

ನಾಟಿಯ ಹೊತ್ತಿನಲ್ಲಿ ಒಂದು ದಿನ ಗದ್ದೆಯಿಂದ ಬಂದು, ಮಣ್ಣು ಒಣಗಿದ ಮೇಲೆ ಚಕ್ರ ಹೆರೆದೆ. ಮರುದಿನ ಗಾಡಿ ಚಾಲೂ ಮಾಡಿದರೆ ಮೀಟರಿನಲ್ಲಿ ಹಳದಿ ದೀಪ. ಎರಡು ವಾರ ಅದನ್ನು ನೋಡಿಯೂ ನೋಡದವನಂತೆ ಓಡಾಡಿದೆ. ಬಾದನಹಟ್ಟಿಯ ಹತ್ತಿರ ಎಮ್ಮೆ ಅಡ್ಡ ಬಂತೆಂದು ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಂಡು ಗಾಡಿ ಅಡ್ಡಡ್ಡ ಜಾರಿತು. ಎಮ್ಮೆ ಉಳಿಯಿತು. ಪಕ್ಕದಲ್ಲಿ ಕೂತಿದ್ದ ಹೆಂಡತಿ ಒಂದೇ ಮಾತು ಹೇಳಿದಳು: "ನಾಳೆ ಬಳ್ಳಾರಿಗೆ ಹೋಗಾಣು, ನಾನೂ ಬರ್ತೀನಿ."

ಗ್ಯಾರೇಜಿನ ಮೆಕ್ಯಾನಿಕ್ ತನ್ನ ಯಂತ್ರ ಜೋಡಿಸಿ ನೋಡಿ, ಮುಂದಿನ ಎಡ ಚಕ್ರ ಎಂದ. ಚಕ್ರ ಎಷ್ಟು ಜೋರಾಗಿ ತಿರುಗುತ್ತಿದೆ ಎಂದು ಹೇಳುವ ಸೆನ್ಸರ್ ಒಂದಿದೆಯಂತೆ. ಅದರಿಂದ ಸುದ್ದಿ ಬರದಿದ್ದರೆ ಬ್ರೇಕಿಗೆ ಚಕ್ರ ಕಚ್ಚಿಕೊಂಡದ್ದು ಗಾಡಿಗೆ ಗೊತ್ತೇ ಆಗುವುದಿಲ್ಲವಂತೆ. ಚಕ್ರ ಬಿಚ್ಚಿ, ಒಳಗಿನಿಂದ ಕಪ್ಪು ವೈರು ಎಳೆದು ತೋರಿಸಿದ. ನೀಟಾಗಿ ಕೊಯ್ದಿತ್ತು.

"ಕುಡಗೋಲಿಲೇ ಹೆರದೀರಿ, ಹೌದಿಲ್ರೀ? ಸಿರುಗುಪ್ಪಿ ಕಡೀ ಗಾಡಿ ಭಾಳ ಹಿಂಗ ಬರ್ತಾವು. ಆದ್ರ ಅವಕ್ಕ ಬರೇ ಗೀರು ಬಿದ್ದಿರ್ತೈತಿ. ವೈರು ಸಿಕ್ತಂದ್ರ ಕೈಗೆ ತಿಳೀತೈತಿ, ಅಲ್ಲಿಗೇ ಬಿಡ್ತಾರ. ಇದನ್ನ ಪೂರಾ ಕೊಯ್ದಾರ. ಯಾರು ಹೆರದಾರ್ರಿ?"

"ಆಳು," ಎಂದೆ. ಹೆಂಡತಿ ನನ್ನ ಮುಖ ನೋಡಿದಳು. ನಮ್ಮಲ್ಲಿ ಆಳಿಲ್ಲ.

ಹೊಸ ಸೆನ್ಸರ್ ತರಿಸಲು ವಾರ ಬೇಕು, ಸದ್ಯಕ್ಕೆ ಕೂಡಿಸಿ ಕೊಡುತ್ತೇನೆ ಎಂದ. ತುದಿಗಳ ಸಿಪ್ಪೆ ಸುಲಿದು, ಎಳೆಗೆ ಎಳೆ ಹೊಸೆದು, ಬೆಸುಗೆ ಹಾಕಿ, ಮೇಲೆ ರಬ್ಬರಿನಂಥ ಸಣ್ಣ ಕೊಳವೆ ಸರಿಸಿದ. ಲೈಟರ್ ಹಿಡಿದರೆ ಅದು ಬಿಸಿಗೆ ಕುಗ್ಗಿ ವೈರನ್ನು ಬಿಗಿಯಾಗಿ ಅಪ್ಪುತ್ತದೆ. ನಾನು ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದೆ. "ಈ ತುದಿ ಒಂದೀಟು ಹಿಡೀರಿ," ಎಂದ. ಹಿಡಿದೆ. ಯಾವ ಕೈ ಚಾಚಿದೆ ಎಂಬ ಯೋಚನೆ ಬರಲಿಲ್ಲ. ಉರಿ ವೈರಿನುದ್ದಕ್ಕೂ ಸರಿಯಿತು. ಕೊಳವೆ ಕುಗ್ಗುವುದನ್ನೇ ನೋಡುತ್ತ ಕೂತೆ.

"ಕೈ ತಗೀರಿ! ಸುಡಾಕ ಹತ್ತೈತ್ರಿ!" ಮೆಕ್ಯಾನಿಕ್ ಲೈಟರ್ ಬಿಸಾಕಿದ. ಅಷ್ಟರಲ್ಲಿ ಹೆಂಡತಿ ಬಂದು ನನ್ನ ಮುಂಗೈ ಹಿಡಿದು ಎಳೆದಿದ್ದಳು. ಹೆಬ್ಬೆರಳ ತುದಿ ಬಿಳಿಚಿ ಉಬ್ಬಿತ್ತು. ಅದು ಬೇರೆ ಯಾರದೋ ಬೆರಳು ಅನ್ನಿಸಿತು.

ಅವಳು ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. "ಪಿನ್ನು ಚುಚ್ಚಿದ್ದು ಹೆಂಗ ಹೇಳ್ತಿದ್ರಿ?" ಎಂದು ಕೇಳಿದಳು. "ಬಳೆ," ಎಂದೆ. ಅವಳು ತನ್ನ ಬಳೆಗಳನ್ನೊಮ್ಮೆ ನೋಡಿಕೊಂಡಳು.

ಮೆಕ್ಯಾನಿಕ್ ಚಕ್ರ ಜೋಡಿಸಿ, ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ಬಂದ. ದೀಪ ಆರಿತ್ತು. ಬೀಗದ ಕೈಯನ್ನು ನನ್ನ ಕಡೆ ಚಾಚಿದ. "ಗಾಡಿ ಇಲ್ಲೇ ಇರ್ಲಿ ಬಿಡಪಾ," ಎಂದಳು ಹೆಂಡತಿ. ನಾನು ಅವಳ ಹಿಂದೆ ಬಸ್ ಸ್ಟ್ಯಾಂಡಿನ ಕಡೆ ನಡೆದೆ.

ಬಸ್ಸಿನಲ್ಲಿ ಕಿಟಕಿಯ ಸೀಟು ನನಗೆ ಬಿಟ್ಟುಕೊಟ್ಟು ಅವಳು ನನ್ನ ಎಡಕ್ಕೆ ಕೂತಳು. ಸಿಟ್ಟಾಗಿದ್ದಾಳೆ, ಇನ್ನು ಮನೆಗೆ ಹೋದ ಮೇಲೂ ಮಾತಾಡುವುದಿಲ್ಲ ಎಂದುಕೊಂಡು ಹೊರಗೆ ನೋಡುತ್ತ ಕೂತೆ. ಕೊಳಗಲ್ಲು ದಾಟಿದ ಮೇಲೆ ಕಂಡಕ್ಟರ್ ಪಕ್ಕದಲ್ಲಿ ಹಾದುಹೋದಾಗ ಸರಿದು ಕೂರಲು ತಿರುಗಿದೆ. ಆಗ ಕಣ್ಣಿಗೆ ಬಿತ್ತು: ಅವಳು ನನ್ನ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಎಷ್ಟು ಹೊತ್ತಿನಿಂದ ಹಿಡಿದಿದ್ದಳೋ ನನಗೆ ಗೊತ್ತಿಲ್ಲ.