ವಾಸನೆ ಹೋದ ಮೇಲೆ

ದೊಡ್ಡಬಳ್ಳಾಪುರದ ಆ ಕೆಮಿಕಲ್ ಫ್ಯಾಕ್ಟರಿಯಲ್ಲಿ ಆಪರೇಟರ್ ಹನುಮಂತರಾಯಪ್ಪನ ಮೂಗಿಗೆ ಇದ್ದ ಮರ್ಯಾದೆ ಅವನ ಹೆಸರಿಗೂ ಇರಲಿಲ್ಲ. ಇಪ್ಪತ್ತೆರಡು ವರ್ಷ ಶಿಫ್ಟ್ ಮಾಡಿದವನು. ಔಷಧದ ಪುಡಿ ಬೇಯುವ ಆ ದೊಡ್ಡ ಕಬ್ಬಿಣದ ಹಂಡೆಗಳಲ್ಲಿ ಯಾವುದು ಹದಕ್ಕೆ ಬಂತು, ಯಾವುದರ ಪೈಪು ಸೋರುತ್ತಿದೆ ಎಂದು ಮೆಟ್ಟಿಲ ಕೆಳಗೆ ನಿಂತೇ ಹೇಳುತ್ತಿದ್ದ. ಹೆಂಗಸರು ಬೀದಿಯಲ್ಲಿ ನಡೆಯುತ್ತಲೇ ಯಾರ ಮನೆ ಒಗ್ಗರಣೆ ಸೀಯಿತು ಎಂದು ಹೇಳುವುದಿಲ್ಲವೇ, ಹಾಗೆ. ಶಿಫ್ಟ್ ಬದಲಾಗುವಾಗ ಬಿಡುವವನೂ ಹಿಡಿಯುವವನೂ ಜೊತೆಯಾಗಿ ಒಂದು ಸುತ್ತು ಮೂಸಿಕೊಂಡು ಬರುವುದು ಅಲ್ಲಿನ ರೂಢಿ. ಹನುಮಂತರಾಯಪ್ಪ ಇದ್ದರೆ ಬೇರೆಯವರು ಮೂಸುತ್ತಲೇ ಇರಲಿಲ್ಲ.

ಕಳೆದ ಸಂಕ್ರಾಂತಿ ಹೊತ್ತಿಗೆ ಆ ಮೂಗು ಸತ್ತುಹೋಯಿತು. ಒಲೆಯ ಮೇಲೆ ಹಾಲು ಉಕ್ಕಿ ಸೀದು ಕರಿಯಾಗುತ್ತಿದ್ದರೂ ಅವನು ಪಕ್ಕದಲ್ಲೇ ಕೂತು ಕಾಲುಗುರು ಕತ್ತರಿಸುತ್ತಿದ್ದ. ಹೆಂಡತಿ ಶಶಿರೇಖಾ ಹಿತ್ತಲಿನಿಂದ ಓಡಿ ಬಂದಳು.

"ಏನ್ರೀ, ಮೂಗು ಅಡ ಇಟ್ಟು ಬಂದಿದ್ದೀರಾ?"

"ವಾಸ್ನೇನೇ ಬರ್ತಿಲ್ಲ ಕಣೇ" ಎಂದ ಅವನು. ಅವನ ಮುಖ ನೋಡಿ ಅವಳ ನಗುವೂ ನಿಂತಿತು.

"ಫ್ಯಾಕ್ಟ್ರೀಲಿ ಹೇಳ್ಬಿಡಿ."

"ಹೇಳಿದ್ರೆ ಅನ್‌ಫಿಟ್ ಅಂತ ಬರ್ದು ಗೇಟಿಂದಾಚೆ ಕಳಿಸ್ತಾರೆ. ಐವತ್ತರ ಹತ್ರ ಬಂದೋನಿಗೆ ಇನ್ಯಾವನು ಕೆಲ್ಸ ಕೊಡ್ತಾನೆ? ನಮ್ ಕವಿತಂದು ನರ್ಸಿಂಗು ಓದು ಇನ್ನೂ ಮೊದಲ್ನೇ ವರ್ಷ."

ಅಂದಿನಿಂದ ಅವನು ವಾಸನೆಯನ್ನು ಬೇರೆಯವರ ಮುಖದಲ್ಲಿ ಓದತೊಡಗಿದ. ಯಾರಾದರೂ ಹುಬ್ಬು ಗಂಟಿಕ್ಕಿದರೆ, ಹೊಳ್ಳೆ ಅರಳಿಸಿದರೆ, ಅವರು ಬಾಯಿ ತೆರೆಯುವ ಮುಂಚೆ "ಎಲ್ಲೋ ಸೋರ್ತೈತೆ" ಎನ್ನುತ್ತಿದ್ದ. ಎಲ್ಲರೂ ತಲೆದೂಗುತ್ತಿದ್ದರು. ಹೀಗೇ ಐದು ತಿಂಗಳು ತಳ್ಳಿದ.

ಆಷಾಢದ ಒಂದು ಬೆಳಿಗ್ಗೆ. ವಿಷದ ಗಾಳಿ ಪತ್ತೆ ಹಚ್ಚುವ ಮೀಟರು ರಿಪೇರಿಗೆ ಹೋಗಿತ್ತು. ಆ ಗಾಳಿಗೆ ಕೊಳೆತ ಮೊಟ್ಟೆಯ ನಾತ. ಮೂರನೇ ಹಂಡೆಯ ಮುಚ್ಚಳ ತೆಗೆದು ತೊಳೆಯಬೇಕಿತ್ತು. ಸೂಪರ್‌ವೈಸರ್ ನವೀನ್‌ಕುಮಾರ್ ಕೆಳಗಿನಿಂದ ಕೂಗಿದ.

"ಅಣ್ಣಾ, ನಿನ್ ಮೂಗೇ ನಮ್ಗೆ ಮೀಟರು. ಮೂಸ್ಬಿಟ್ಟು ಹೇಳು, ಮುನಿಸ್ವಾಮಿ ಹತ್ತುತಾನೆ."

ಹನುಮಂತರಾಯಪ್ಪ ಮೇಲೆ ಹೋದ. ಅಲ್ಲಿ ನೋಡಲು ಇನ್ನೊಬ್ಬರ ಮುಖವಿರಲಿಲ್ಲ. ಮುಚ್ಚಳದ ಅಂಚಿಗೆ ಬಗ್ಗಿ ಉಸಿರೆಳೆದ. ಬರೀ ತಣ್ಣನೆ ಗಾಳಿ. ಮೂಗು ಚೆನ್ನಾಗಿದ್ದಾಗಲೂ ಎಷ್ಟೋ ದಿನ ಹೀಗೇ ಇರುತ್ತಿತ್ತಲ್ಲ, ಇವತ್ತೂ ನಿಜವಾಗಿ ಏನೂ ಇಲ್ಲದಿರಬಹುದು ಎಂದುಕೊಂಡ. ಮೆಟ್ಟಿಲವರೆಗೆ ಬಂದು, "ಏನಿಲ್ಲ, ಬಾರ್ಲಾ" ಎಂದ.

ಮುನಿಸ್ವಾಮಿ ಸೂಲಿಬೆಲೆ ಕಡೆಯವನು, ಹದಿನಾಲ್ಕು ವರ್ಷದಿಂದ ಜೊತೆಯ ಆಪರೇಟರ್. ಮಾಸ್ಕನ್ನು ಕುತ್ತಿಗೆಗೆ ನೇತುಹಾಕಿಕೊಂಡೇ ಹತ್ತಿದ. "ನೀನು ಮೂಸಿದ ಮೇಲೆ ಇದ್ಯಾಕಣ್ಣ, ಉಸಿರು ಕಟ್ತದೆ" ಎನ್ನುತ್ತಾ ಬೋಲ್ಟು ಬಿಚ್ಚಿ ಮುಚ್ಚಳ ಎತ್ತಿದ. ಅಷ್ಟೇ. ತುಂಬಿದ ಮೂಟೆ ಜಾರಿದ ಹಾಗೆ ಕುಸಿದ. ಹನುಮಂತರಾಯಪ್ಪ ಉಸಿರು ಬಿಗಿಹಿಡಿದು, ಅವನ ಕಂಕುಳಿಗೆ ಕೈ ಹಾಕಿ ಆಚೆಗೆ ಎಳೆದು ತಂದ.

ಮುನಿಸ್ವಾಮಿಯನ್ನು ಆಸ್ಪತ್ರೆಗೆ ಒಯ್ದರು. ಮಧ್ಯಾಹ್ನ ಆಫೀಸಿನಲ್ಲಿ ಕಾಗದ ತಯಾರಾಗಿತ್ತು.

"ಸಾಕ್ಷಿ ಸೈನು ಹಾಕಣ್ಣ," ಎಂದ ನವೀನ್‌ಕುಮಾರ್. "ಮಾಸ್ಕ್ ಹಾಕೋ ಅಂದ್ರೂ ಕೇಳ್ದೆ ಹತ್ತಿದ ಅಂತ ಬರ್ದೈತೆ."

"ಅವನ ಮನೆಯೋರಿಗೆ?"

"ಅವನ್ದೇ ತಪ್ಪು ಅಂದ್ಮೇಲೆ ಕಂಪ್ನಿಯೋರು ಏನ್ ಕೊಡ್ತಾರೆ? ನಿನ್ ಕೆಲ್ಸ ಉಳೀತದೆ, ನಂದೂ ಉಳೀತದೆ."

ಹನುಮಂತರಾಯಪ್ಪ ಪೆನ್ನು ತೆಗೆದುಕೊಂಡ. ಕಣ್ಣಿಗೆ ಮಗಳು ಕವಿತ ಬಿಳಿ ಕೋಟು ಹಾಕಿಕೊಂಡು ಬಸ್ಸಿಗೆ ಓಡುವುದು ಕಾಣಿಸಿತು. ಆಮೇಲೆ ಟೈಪು ಮಾಡಿದ ಸಾಲುಗಳ ಮೇಲೆ ಗೆರೆ ಎಳೆದು, ಸೊಟ್ಟ ಅಕ್ಷರದಲ್ಲಿ ಕೆಳಗೆ ಬರೆದ: ನನಗೆ ಐದು ತಿಂಗಳಿಂದ ವಾಸನೆ ಗೊತ್ತಾಗುವುದಿಲ್ಲ. ಗೊತ್ತಾದವನ ಹಾಗೆ ಏನಿಲ್ಲ ಎಂದೆ. ಮುನಿಸ್ವಾಮಿ ನನ್ನ ನಂಬಿ ಹತ್ತಿದ.

"ತಲೆ ಕೆಟ್ಟೈತೇನೋ ನಿಂಗೆ? ಕೇಸಾಗ್ತದೆ ಕಣೋ!" ನವೀನ್‌ಕುಮಾರನಿಗೆ ಅಣ್ಣ ಎನ್ನುವುದು ಮರೆತೇಹೋಗಿತ್ತು. ಕಾಗದ ಹರಿಯಲು ಕೈಯೆತ್ತಿದ.

"ಹರೀರಿ ಸಾರ್. ಪೊಲೀಸ್ನೋರು ಕೇಳ್ದಾಗ ಬಾಯಲ್ಲೇ ಹೇಳ್ತೀನಿ."

ಗೇಟಿನಲ್ಲಿ ಅವನ ಪಾಸು ಇಸಿದುಕೊಂಡರು. ಅವನು ಮನೆಗೆ ಹೋಗಲಿಲ್ಲ, ಆಸ್ಪತ್ರೆಗೆ ಹೋದ. ಗಾಜಿನ ಬಾಗಿಲಾಚೆ ಮುನಿಸ್ವಾಮಿಯ ಎದೆಯನ್ನು ಮಿಷನ್ನು ಏರಿಸಿ ಇಳಿಸುತ್ತಿತ್ತು. ಅವನ ಹೆಂಡತಿ ಮಮತ ಎದ್ದು ಬಂದು ಹನುಮಂತರಾಯಪ್ಪನ ಎರಡೂ ಕೈ ಹಿಡಿದುಕೊಂಡಳು.

"ನೀವು ಎಳ್ಕೊಂಡು ಬರ್ದಿದ್ರೆ ಅಲ್ಲೇ ಮುಗ್ದೋಗ್ತಿತ್ತಂತೆ ಅಣ್ಣಾ. ದೇವ್ರ ಹಂಗೆ ಬಂದ್ರಿ."

"ಕೈ ಬಿಡವ್ವ," ಎಂದ ಅವನು. "ಮೊದ್ಲು ನಾನು ಹೇಳೋದು ಕೇಳು."

ಅವಳು ಬಿಡಲಿಲ್ಲ. ಇನ್ನೂ ಬಿಗಿಯಾಗಿ ಹಿಡಿದುಕೊಂಡಳು.