ಸಂಬಳ ಬರುತ್ತಿತ್ತು, ವಿಮೆ ಇರಲಿಲ್ಲ

"ಮೇಡಂ, ಈ ಕಾರ್ಡ್ ನಡೀತಿಲ್ಲ. ನೀವು ಕೆಲ್ಸ ಬಿಟ್ಟಿದೀರಾ?"

ಜಯನಗರದ ಕಣ್ಣಾಸ್ಪತ್ರೆಯ ವಿಮೆ ಕೌಂಟರಿನಲ್ಲಿದ್ದ ಹುಡುಗಿ ಹಾಗೆ ಕೇಳಿದಾಗ, ಪೊರೆ ತೆಗೆಸಲು ಬಂದಿದ್ದ ಅತ್ತೆ ನನ್ನ ಪಕ್ಕದಲ್ಲೇ ಕುಳಿತಿದ್ದರು. ಕಂಪನಿ ನನ್ನನ್ನು ತೆಗೆದುಹಾಕಿದ್ದನ್ನು ನಾನು ಅವರಿಗೆ ಹೇಳಿರಲಿಲ್ಲ. ದಿನವೂ ಬಿಟಿಎಂ ಬಡಾವಣೆಯ ನಮ್ಮ ಮನೆಯಲ್ಲಿ ಬೆಳಿಗ್ಗೆಯೇ ಲ್ಯಾಪ್‌ಟಾಪ್ ತೆರೆದು, ಕಚೇರಿ ಕೆಲಸ ಮಾಡುವವಳಂತೆ ಕುಳಿತು, ಹೊಸ ಕೆಲಸ ಹುಡುಕುತ್ತಿದ್ದೆ.

ಇನ್ನೆರಡು ತಿಂಗಳು ಸಂಬಳ ಕೊಡುತ್ತೇವೆ ಎಂದು ಕಂಪನಿಯವರು ಹೇಳಿದ್ದರು. ವಿಮೆಯೂ ಅಲ್ಲಿಯವರೆಗೆ ಇರುತ್ತದೆ ಎಂದು ಅವರೇ ಹೇಳಿದ್ದರೋ, ನಾನೇ ಅಂದುಕೊಂಡೆನೋ, ಈಗ ಖಚಿತವಾಗಿ ಹೇಳಲಾರೆ. ಸಂಬಳ ಇನ್ನೂ ಬರುತ್ತಿದೆಯಲ್ಲ ಎಂದಷ್ಟೇ ಆ ಹುಡುಗಿಗೆ ಹೇಳಿದೆ.

"ಸಂಬಳ ಬರ್ತಿದ್ರೂ ಕೆಲ್ಸದ ಕೊನೇ ದಿನಕ್ಕೇ ಇನ್ಶೂರೆನ್ಸ್ ನಿಂತುಹೋಗಿದೆ ಮೇಡಂ. ಕಂಪನಿ ಪಾಲಿಸಿನ ನಿಮ್ಮ ಹೆಸ್ರಿಗೆ ಬದಲಾಯಿಸ್ಕೊಳ್ಳೋಕೆ ಆಗುತ್ತಾ ಅಂತ ಇನ್ಶೂರೆನ್ಸ್‌ನವ್ರಿಗೆ ಇವತ್ತೇ ಮೇಲ್ ಹಾಕಿ ಕೇಳಿ," ಎಂದಳು ಆ ಹುಡುಗಿ.

ಅತ್ತೆ ತಮ್ಮ ಧಾರವಾಡದ ಮಾತಿನಲ್ಲಿ, ದನಿ ಏರಿಸದೆ ಹೇಳಿದರು: "ನೀ ಫೋನಿನ್ಯಾಗ ಇಂಗ್ಲಿಷ್ ಒದರೂದು ನಿಂತು ಹದಿನೈದು ದಿನಾ ಆತು. ನೀನ ಹೇಳ್ತಿ ಅಂತ ಸುಮ್ಮನಿದ್ದೆ. ಕಣ್ಣು ಆಮ್ಯಾಲೆ ನೋಡೂಣು. ಮೊದಲ ಆಕಿ ಹೇಳಿದ್ದು ಮಾಡು."

ಅಲ್ಲೇ ಕುಳಿತು ಮೇಲ್ ಕಳಿಸಿದೆ. ಉತ್ತರ ಇನ್ನೂ ಬಂದಿಲ್ಲ. ಅತ್ತೆಗೆ ಎಡಗಣ್ಣು ಈಗಲೂ ಮಂಜು. ಅಂದಿನ ಡೈರಿ ತೆಗೆದು ನೋಡಿದರೆ, "ಅತ್ತೆಗೆ ವಿಷಯ ತಿಳಿಸಿದೆ" ಎಂದು ಬರೆದುಕೊಂಡಿದ್ದೇನೆ. ನಾನು ತಿಳಿಸಲೇ ಇಲ್ಲ. ಯಾರೂ ಓದದ ಡೈರಿಯಲ್ಲಿ ಹಾಗೇಕೆ ಬರೆದೆ ಎಂಬುದು ನನಗಿನ್ನೂ ಅರ್ಥವಾಗಿಲ್ಲ.