ಭಾತಂಬ್ರಾದ ಅಂಟಿನುಂಡಿ

ಮೇಡಂ ಅವರ ಬಲಗೈ ಹೆಬ್ಬೆರಳಿನ ಉಗುರು ಯಾವತ್ತೂ ಅರಿಶಿನದ ಬಣ್ಣದ್ದು. ಗಾಂಧಿ ಗಂಜ್ ಪೇಟೆಯ ಅಂಗಡಿಗಳಲ್ಲಿ ಯಾವ ಪುಡಿ ಕಂಡರೂ ಚಿಟಿಕೆ ತೆಗೆದು ಆ ಉಗುರಿನ ಮೇಲಿಟ್ಟು ಮೂಸುತ್ತಿದ್ದರು. "ಬಂದ್ರು ನೋಡ್ರಿ ನಮ್ಮ ಪೊಲೀಸ್ ಸಾಹೇಬರು" ಎಂದು ಅಂಗಡಿಯವರು ನಗುತ್ತಲೇ ಪೊಟ್ಟಣ ಕಟ್ಟಿ ಕೊಡುತ್ತಿದ್ದರು.

ಬೀದರಿನ ಕಾಲೇಜಿನಲ್ಲಿ ನನಗೆ ಸಸ್ಯಶಾಸ್ತ್ರ ಕಲಿಸಿದವರು ಅವರು. ಆಮೇಲೆ ತಮ್ಮ ಪ್ರಯೋಗಾಲಯದಲ್ಲೇ ಕೆಲಸಕ್ಕಿಟ್ಟುಕೊಂಡರು. ಕಾಳುಮೆಣಸಿನ ಪುಡಿಯಲ್ಲಿ ಪಪ್ಪಾಯಿ ಬೀಜ ಸೇರಿದೆಯೇ, ಕಡಲೆಹಿಟ್ಟಿನಲ್ಲಿ ಬಟಾಣಿ ಬೆರೆತಿದೆಯೇ ಎಂದು ಡಿಎನ್ಎ ತೆಗೆದು ಪತ್ತೆ ಹಚ್ಚುವುದು ನಮ್ಮ ಕೆಲಸ. "ಪುಡಿ ಆದ್ರ ಎಲ್ಲಾ ಒಂದೇ ಕಾಣ್ತಾವ. ಆದ್ರ ಗಿಡ ತನ್ನ ಹೆಸರು ಮರಿಯಂಗಿಲ್ಲ" ಅನ್ನುತ್ತಿದ್ದರು. ಔರಾದಿನ ಒಂದು ಮದುವೆಯಲ್ಲಿ ಬೀಗರ ಎದುರಿಗೇ ಹಾಲಿನ ಲೋಟ ಮೂಸಿ, "ಇದರಾಗ ಕೇಸರಿ ಇಲ್ರಿ, ಕುಸುಬಿ ಹೂವು ಅದ" ಎಂದುಬಿಟ್ಟರು. ಅಯ್ಯೋ, ನನಗೆ ಎದ್ದು ಓಡಿಹೋಗುವಂತಾಗಿತ್ತು!

ಅಂಥವರು ಮೂಸದೆ ತಿನ್ನುತ್ತಿದ್ದದ್ದು ಒಂದೇ ತಿನಿಸು. ಭಾಲ್ಕಿ ಹತ್ತಿರದ ಭಾತಂಬ್ರಾದಿಂದ ಅವರ ಅವ್ವ ಕಳಿಸುತ್ತಿದ್ದ, ಅಂಟು ಬೆಲ್ಲ ಹಾಕಿ ಕಟ್ಟಿದ ಅಂಟಿನುಂಡಿ. ಮಗಳ ಸೊಂಟನೋವಿಗೆಂದು ಆ ತಾಯಿ ಹೊಲದ ಬೇಲಿಯಲ್ಲಿ ಸುಗಂಧಿ ಬಳ್ಳಿಯ ಬೇರು ಅಗೆದು, ಒಣಗಿಸಿ, ಕುಟ್ಟಿ, ಉಂಡಿಗೆ ಬೆರೆಸುತ್ತಿದ್ದರು. ವರ್ಷಗಟ್ಟಲೆ ದಿನವೂ ಬೆಳಿಗ್ಗೆ ಚಹಾದ ಮೊದಲು ಮೇಡಂಗೆ ಅದೇ ಬೇಕು. ನಾನು ಕೇಳಿದರೆ ಕೊಡುತ್ತಿರಲಿಲ್ಲ, ಅಷ್ಟು ಜಿಪುಣತನ.

ಹೋದ ವರ್ಷ ಮೇಡಂ ಅವರ ಕಾಲು ಬಾತವು. ಎರಡೂ ಕಿಡ್ನಿ ಹೋಗಿವೆ, ಕಾರಣ ತಿಳಿಯುತ್ತಿಲ್ಲ ಎಂದರು ಡಾಕ್ಟರು. ಮೇಡಂ ಸುಮ್ಮನೆ ಕೂರುವವರೇ? ಮನೆಯ ಚಹಾಪುಡಿ, ಮಸಾಲೆ, ಹಿಟ್ಟು ಎಲ್ಲವನ್ನೂ ಪರೀಕ್ಷೆಗೆ ತಂದರು. ಏನೂ ಬಿಡಬಾರದೆಂದು ಒಂದು ಉಂಡಿಯನ್ನೂ ಇಟ್ಟರು.

ಉಳಿದದ್ದೆಲ್ಲ ಶುದ್ಧವಾಗಿತ್ತು. ಉಂಡಿಯಲ್ಲಿ ಮಾತ್ರ ಸುಗಂಧಿ ಬೇರಿನ ಜೊತೆಗೆ ಈಶ್ವರಿ ಬಳ್ಳಿಯೂ ಸಿಕ್ಕಿತು. ಬಹಳ ದಿನ ತಿಂದರೆ ಕಿಡ್ನಿ ಕೆಡಿಸುವ ಬೇರು ಅದು. ಎರಡೂ ಬಳ್ಳಿ ಒಂದೇ ಬೇಲಿಯಲ್ಲಿ ಹೆಣೆದುಕೊಂಡಿದ್ದವು. ಅವ್ವನ ಕಣ್ಣಿಗೆ ಪೊರೆ ಬಂದಿತ್ತು. ಮೇಡಂ ಮತ್ತೊಮ್ಮೆ ಪರೀಕ್ಷೆ ಮಾಡಿಸಿದರು. ಅದೇ ಬಂತು.

ವರದಿಯನ್ನು ಮಡಚಿ ತಮ್ಮ ಚೀಲಕ್ಕೆ ಹಾಕಿಕೊಂಡರು. ಆಮೇಲೆ ನನ್ನ ಕೈ ಹಿಡಿದು, "ಅವ್ವಗ ಗೊತ್ತಾಗಬಾರದು. ಗೊತ್ತಾದ್ರ ಆಕಿ ಬದುಕಂಗಿಲ್ಲ" ಅಂದರು. ಸಾಯುತ್ತಿದ್ದವರು ಯಾರು, ಚಿಂತೆ ಯಾರದು! ನನಗೆ ಇವತ್ತಿಗೂ ಸಿಟ್ಟು ಬರುತ್ತದೆ, ಯಾರ ಮೇಲೆ ಅಂತ ಗೊತ್ತಿಲ್ಲ.

ಆದರೆ ಅವ್ವ ಓಣಿಯ ಬಾಣಂತಿಯರಿಗೂ ಅದೇ ಉಂಡಿ ಕೊಡುತ್ತಿದ್ದರು. ಬಾತ ಕಾಲಿನಲ್ಲೇ ಮೇಡಂ ನನ್ನನ್ನು ಕರೆದುಕೊಂಡು ಭಾತಂಬ್ರಾಕ್ಕೆ ಹೋದರು. "ಅವ್ವಾ, ನಿನ್ನ ಬೇರು ಭಾಳ ಛಲೋ ಅವ. ಕಾಲೇಜಿನ್ಯಾಗ ಹುಡುಗರಿಗಿ ತೋರ್ಸ್ಲಾಕ ಎಲ್ಲಾ ಬೇಕಾಗ್ಯಾವ. ಯಾರಿಗೂ ಕೊಡಬ್ಯಾಡ" ಎಂದರು. ಮುದುಕಿಗೆ ಹಿಡಿಸಲಾರದಷ್ಟು ಹಿಗ್ಗು. ಮನೆಮನೆಗೆ ಹೋಗಿ ಕೊಟ್ಟ ಉಂಡಿಗಳನ್ನೂ ವಾಪಸ್ ಇಸಿದುಕೊಂಡು ಬಂದರು. ಬೇಲಿಯ ಬಳ್ಳಿಯನ್ನು ನಾವೇ ಬುಡಸಹಿತ ಕಿತ್ತೆವು. ಬೇರೆ ನೆಪ ಹೇಳಿ ಬಾಣಂತಿಯರನ್ನು ಭಾಲ್ಕಿಯ ಆಸ್ಪತ್ರೆಗೆ ಕರೆದೊಯ್ದು ರಕ್ತ ತೋರಿಸಿದೆವು. ಅವರು ತಿಂದದ್ದು ಸ್ವಲ್ಪ. ಯಾರಿಗೂ ಏನೂ ಆಗಿರಲಿಲ್ಲ. ಅಂದು ಮೇಡಂ ಬಸ್ಸಿನಲ್ಲಿ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಮಾಡಿದರು.

ಮಳೆಗಾಲ ಮುಗಿಯುವ ಮೊದಲೇ ಅವರು ಹೋದರು. ಮಣ್ಣು ಕೊಟ್ಟು ಬಂದ ಮೇಲೆ, ಬೀದರಿನ ಮೈಲೂರು ಬಡಾವಣೆಯ ಮೇಡಂ ಮನೆಯಲ್ಲಿ ಅವ್ವ ನನ್ನನ್ನು ಪಕ್ಕಕ್ಕೆ ಕರೆದರು.

"ತಾಯೀ, ಬೇರು ಎಲ್ಲಾ ಆಕಿಗಿ ಕೊಟ್ಟು ನಾ ಬರಿಗೈಲೆ ಕುಂತೆ. ಒಂದ್ ಹಿಡಿ ಉಳಿಸ್ಕೊಂಡು ದಿನಾ ಉಂಡಿ ಕಟ್ಟಿ ತಿನಸಿದ್ರ, ನನ್ನ ಮಗಳು ಉಳೀತಿದ್ಲು. ಹೌದಿಲ್ಲ?"

ನಾನು ಅವರ ಪಕ್ಕ ಕುಳಿತೆ.

"ಇಲ್ರಿ ಆಯಿ. ನಿಮ್ಮ ಉಂಡಿ ತಿಂದೇ ಇಷ್ಟ್ ದಿನ ಇದ್ರರಿ."

"ಹಂಗಂತ ಆಕಿ ಅಂದಿದ್ಲಾ?"

"ಅಂದಿದ್ರರಿ" ಅಂದೆ.

ಆ ತಾಯಿ ಆಗ ಮೊದಲ ಸಲ ಬಾಯಿಬಿಟ್ಟು ಅತ್ತರು.